ಉಪ್ಪು ಹಾಕದ ಸಿಗಡಿ

ದೊಡ್ಡಕ್ಕನ ಮನೆಯಲ್ಲಿ ಅಡುಗೆ ಮಾಡಿದವರು ಅದರ ರುಚಿ ನೋಡುವಂತಿರಲಿಲ್ಲ. ಇದು ಅವಳ ತಾಯಿ ಹಾಕಿಕೊಟ್ಟ ಕಟ್ಟಳೆ. ತಾಯಿ ದೋಣಿ ಕಟ್ಟುವ ಕಾರ್ಖಾನೆಯ ಊಟದ ಮನೆಯಲ್ಲಿ ಅಡುಗೆಯವಳಾಗಿದ್ದಳು. ಅಷ್ಟು ಜನರಿಗೆ ಬೇಯಿಸುವವಳು ಪ್ರತಿ ಪಾತ್ರೆಯಿಂದಲೂ ಒಂದೊಂದು ಚಮಚ ಬಾಯಿಗಿಟ್ಟರೆ ಮಧ್ಯಾಹ್ನದ ಹೊತ್ತಿಗೆ ನಾಲಿಗೆ ಮರಗಟ್ಟಿ ಉಪ್ಪೂ ಒಂದೇ, ಸಪ್ಪೆಯೂ ಒಂದೇ ಆಗುತ್ತದೆ ಎಂಬುದು ಅವಳ ವಾದ. “ಹಸಿದಾಗ ಬಾಯಿ ಒಂದು ಹೇಳುತ್ತೆ, ಹೊಟ್ಟೆ ತುಂಬಿದಾಗ ಇನ್ನೊಂದು ಹೇಳುತ್ತೆ. ಮೂಗು ಮಾತ್ರ ಎರಡು ಮಾತಾಡಲ್ಲ,” ಎನ್ನುತ್ತಿದ್ದಳು. ಮುಚ್ಚಳ ತೆಗೆದು, ಮೇಲೆದ್ದ ಹಬೆಗೆ ಮುಖವೊಡ್ಡಿ, ಕಣ್ಣು ಮುಚ್ಚಿ ಒಮ್ಮೆ ಉಸಿರೆಳೆದರೆ ಎಲ್ಲವೂ ತಿಳಿಯಬೇಕು. ಉಪ್ಪಿಗೆ ಎಲ್ಲಿಯ ವಾಸನೆ ಎಂದು ಕೇಳುವವರು ಕೇಳಲಿ. ಉಪ್ಪು ಬಿದ್ದ ಸಾರಿನ ಹಬೆಯೇ ಬೇರೆ, ಬೀಳದ ಸಾರಿನ ಹಬೆಯೇ ಬೇರೆ ಎಂದು ದೊಡ್ಡಕ್ಕ ತಲೆ ನರೆತ ಮೇಲೂ ವಾದಿಸುತ್ತಿದ್ದಳು. ವಾದದಲ್ಲಿ ಅವಳನ್ನು ಗೆದ್ದವರು ಆ ಬೀದಿಯಲ್ಲಿ ಯಾರೂ ಇರಲಿಲ್ಲ.

ಇಂಥವಳಿಗೆ ಮೂಗೇ ಕೈಕೊಟ್ಟಿತು. ಕಳೆದ ಚಳಿಗಾಲದಲ್ಲಿ ಊರೆಲ್ಲ ಕೆಮ್ಮುತ್ತಿದ್ದಾಗ ಅವಳೂ ಹಾಸಿಗೆ ಹಿಡಿದಳು. ಜ್ವರ ಇಳಿಯಿತು, ನೆಗಡಿ ಹೋಯಿತು, ಹೋಗುವಾಗ ವಾಸನೆಯನ್ನೂ ಗಂಟು ಕಟ್ಟಿಕೊಂಡು ಹೋಯಿತು. ಹಾಲು ಉಕ್ಕಿ ಒಲೆಯ ಮೇಲೆ ಕರಕಲಾಗುತ್ತಿದ್ದರೆ ಇವಳು ಪಕ್ಕದಲ್ಲೇ ಬೆನ್ನು ಮಾಡಿ ನಿಂತು ಆರಾಮವಾಗಿ ಈರುಳ್ಳಿ ಹೆಚ್ಚುತ್ತಿದ್ದಳು. ಆಮೇಲೆ ಗಾಬರಿಯಾಗಿ ಬಟ್ಟೆಯ ಸೋಪು ಮೂಸಿದಳು, ಬೆಳ್ಳುಳ್ಳಿ ಜಜ್ಜಿ ಮೂಸಿದಳು, ಕೊನೆಗೆ ಗಂಡನ ಚಪ್ಪಲಿಯನ್ನೂ ಬಿಡಲಿಲ್ಲ. ಏನೂ ಇಲ್ಲ. ನಾಲಿಗೆಗೆ ಉಪ್ಪು, ಹುಳಿ, ಸಿಹಿ ಇಷ್ಟು ಗೊತ್ತಾಗುತ್ತಿತ್ತು. ಅದರಾಚೆ ಮೀನೂ ಒಂದೇ, ನೆನೆದ ಹತ್ತಿಯೂ ಒಂದೇ.

ಅವಳು ಯಾರಿಗೂ ಹೇಳಲಿಲ್ಲ. ಹೇಳಿದರೆ ಏನಾಗುತ್ತದೆ ಎಂಬುದು ಅವಳಿಗೆ ಚೆನ್ನಾಗಿ ಗೊತ್ತಿತ್ತು. ಮೊದಲು ಅಯ್ಯೋ ಪಾಪ ಎನ್ನುತ್ತಾರೆ, ಆಮೇಲೆ “ನೀವು ಕೂತ್ಕೊಳ್ಳಿ” ಎನ್ನುತ್ತಾರೆ, ಅಲ್ಲಿಗೆ ಸೌಟು ಕೈಬಿಟ್ಟ ಹಾಗೆಯೇ. ಅವಳ ತಾಯಿ ಬಿಟ್ಟುಹೋದದ್ದು ಹೊಲವಲ್ಲ, ಮನೆಯಲ್ಲ, ಮೈಮೇಲೆ ಹಾಕಿಕೊಳ್ಳುವಂಥದ್ದೂ ಅಲ್ಲ. ಒಂದಿಷ್ಟು ಸಾರು, ಪಲ್ಯ, ಮೀನು ಬೇಯಿಸುವ ಹದ, ಅಷ್ಟೆ. ಅದೂ ಮಗಳ ಕೈಯಲ್ಲಿ ಮಾತ್ರ ಇತ್ತು. ತಮ್ಮ ತಿಂದು ಬೆಳೆದವನೇ ಹೊರತು ಒಲೆಯ ಹತ್ತಿರ ಸುಳಿದವನಲ್ಲ. ತನ್ನ ಕೈಯಿಂದ ಅದು ಹೋದರೆ ಅಮ್ಮ ಇನ್ನೊಂದು ಸಲ ಸತ್ತಂತೆ ಎಂದು ದೊಡ್ಡಕ್ಕ ನಂಬಿದ್ದಳು. ಹಾಗಾಗಿ ಎಂದಿನಂತೆ ಮುಚ್ಚಳ ತೆಗೆದು, ಕಣ್ಣು ಮುಚ್ಚಿ, ಹಬೆಗೆ ಮುಖವೊಡ್ಡಿ ತಲೆಯಾಡಿಸುತ್ತಿದ್ದಳು. ಬೆಕ್ಕು ಕಣ್ಣು ಮುಚ್ಚಿ ಹಾಲು ಕುಡಿದ ಹಾಗೆ.

ಅವಳಿಗೆ ಒಂದೇ ಒಂದು ಧೈರ್ಯವಿತ್ತು. ಅದು ಅವಳ ಗಂಡ.

ಅವನನ್ನು ಊರೆಲ್ಲ ‘ತಕ್ಕಡಿ’ ಎಂದೇ ಕರೆಯುತ್ತಿತ್ತು. ನಿವೃತ್ತಿಯಾಗುವವರೆಗೆ ಅಂಗಡಿ ಅಂಗಡಿಗೂ ಹೋಗಿ ತೂಕದ ಬಟ್ಟು, ತಕ್ಕಡಿ, ಅಳತೆ ಪಾತ್ರೆಗಳನ್ನು ಪರೀಕ್ಷಿಸಿ ಮುದ್ರೆ ಒತ್ತುವ ಕೆಲಸ ಅವನದು. ಅವನು ಸಂತೆಯೊಳಗೆ ಕಾಲಿಟ್ಟರೆ ಮೀನಿನವರು ತಕ್ಕಡಿಯ ತಳಕ್ಕೆ ಅಂಟಿಸಿದ್ದ ಮೇಣವನ್ನು ಕೆರೆದು ಬಿಸಾಡುತ್ತಿದ್ದರಂತೆ. ಮಾತೂ ಹಾಗೆಯೇ, ಮುಳ್ಳು ನೇರ ನಿಲ್ಲುವವರೆಗೆ ಬಾಯಿ ಬಿಡುವವನಲ್ಲ. ಮದುವೆಯಾದ ಹೊಸದರಲ್ಲಿ ಮನೆ ತುಂಬ ನೆಂಟರಿದ್ದಾಗ ಹೊಸ ಹೆಂಡತಿಯ ಮೊದಲ ಅಡುಗೆ ಉಂಡು “ಉಪ್ಪು ಜಾಸ್ತಿ” ಎಂದಿದ್ದ. ಆ ಹೊತ್ತು ದೊಡ್ಡಕ್ಕ ಹಿತ್ತಲಿಗೆ ಹೋಗಿ ಅತ್ತಳು. ಕಣ್ಣೊರೆಸಿಕೊಂಡು ಒಳಗೆ ಬಂದವಳು, “ಸಾಯೋವರೆಗೂ ಹೀಗೇ ಹೇಳ್ಬೇಕು. ಒಂದು ದಿನ ಸುಳ್ಳು ಹೇಳಿದ್ರೂ ನಾನು ಒಲೆ ಹಚ್ಚಲ್ಲ,” ಎಂದಳು. ಅವನು ಹೂಂ ಎಂದ. ಅಂದಿನಿಂದ ಅವನ ಮೊದಲ ತುತ್ತು ಗಂಟಲಿಳಿಯುವವರೆಗೆ ಅವಳು ಸೌಟು ಹಿಡಿದು ಪಕ್ಕದಲ್ಲಿ ನಿಲ್ಲುತ್ತಿದ್ದಳು. ಅವನು ಹೇಳಿದ್ದೇ ತೀರ್ಪು. ಮೂಗು ಹೋದ ಮೇಲಂತೂ ಆ ತೀರ್ಪಿನ ಮೇಲೆಯೇ ಅವಳ ಜೀವ ನಿಂತಿತ್ತು. ಶುರುವಿನಲ್ಲಿ ಒಂದೆರಡು ಸಲ “ಹುಳಿ ಕಮ್ಮಿ”, “ಬೆಳ್ಳುಳ್ಳಿ ಸೀದಿದೆ” ಎಂದ. ಆಮೇಲೆ ಅದೂ ನಿಂತುಹೋಯಿತು. “ಸರಿಯಾಗಿದೆ” ಎಂಬ ಮಾತು ದಿನವೂ ಬರತೊಡಗಿತು. ಮೂಗಿಲ್ಲದಿದ್ದರೂ ಕೈಗೆ ನೆನಪಿದೆ ಎಂದು ದೊಡ್ಡಕ್ಕ ಒಳಗೊಳಗೇ ಹಿಗ್ಗಿದಳು.

ಬೇಸಿಗೆಯ ಮೊದಲಲ್ಲಿ ಗಿಡಗಳಲ್ಲಿ ಟೊಮೆಟೊ ಇನ್ನೂ ಹಸಿರಾಗಿ ಗಟ್ಟಿಯಾಗಿರುವಾಗ ಅವಳ ತಮ್ಮ ವರ್ಷಕ್ಕೊಮ್ಮೆ ತಪ್ಪದೆ ಬರುತ್ತಿದ್ದ. ಬೇರೆ ಊರಿನಲ್ಲಿ ಕನ್ನಡಕದ ಅಂಗಡಿ ಇಟ್ಟುಕೊಂಡಿದ್ದವನು. ಹಸಿರು ಟೊಮೆಟೊ ಹಾಕಿದ ಮೀನಿನ ಸಾರು ಅವರ ಅಮ್ಮ ಆ ಕೆಲವು ವಾರಗಳಲ್ಲಿ ಮಾತ್ರ ಮಾಡುತ್ತಿದ್ದಳು. ಹಣ್ಣಾದ ಟೊಮೆಟೊಗೆ ಆ ಹುಳಿ ಬರುವುದಿಲ್ಲ. ಈ ವರ್ಷ ಅವನು ಬರುವ ದಿನ ದೊಡ್ಡಕ್ಕ ಬೆಳಕು ಹರಿಯುವ ಮೊದಲೇ ಒಲೆ ಹಚ್ಚಿದಳು. ಕಾಯಿಗಳನ್ನು ಕೆಂಡದ ಮೇಲೆ ಸುಟ್ಟು, ಸಿಪ್ಪೆ ಸುಲಿದು, ಕಿವುಚಿ, ಮೀನಿನ ತಲೆಗಳನ್ನು ಬೇರೆಯಾಗಿ ಬೇಯಿಸಿ, ಎಲ್ಲವನ್ನೂ ಕೈಗೆ ಹೇಗೆ ತೋಚಿತೋ ಹಾಗೆ ಮಾಡಿದಳು. ತಮ್ಮ ಮೊದಲ ತುತ್ತು ಬಾಯಿಗಿಟ್ಟ. ಕನ್ನಡಕ ತೆಗೆದ. ಕಣ್ಣಲ್ಲಿ ನೀರು. “ಅಮ್ಮನೇ ಬಡಿಸಿದ ಹಾಗಿದೆ ಅಕ್ಕ,” ಎಂದ. ದೊಡ್ಡಕ್ಕ ಬಚ್ಚಲಿಗೆ ಹೋಗಿ ಬಾಗಿಲು ಹಾಕಿಕೊಂಡು ನಕ್ಕಳು, ಅತ್ತಳು, ಮತ್ತೆ ನಕ್ಕಳು. ಆಮೇಲಿನ ತಿಂಗಳುಗಳೆಲ್ಲ ಆ ಒಂದು ಮಾತಿನ ಬಲದಲ್ಲೇ ಕಳೆದವು.

ಮಳೆ ನಿಂತು ಸಿಹಿಗುಂಬಳ ಬರತೊಡಗಿದಾಗ ಸಿಗಡಿಯೂ ದಂಡಿಯಾಗಿ ಬಂತು. ರಜೆಯ ದಿನ ಬೆಳಿಗ್ಗೆ ದೊಡ್ಡಕ್ಕ ಬುಟ್ಟಿ ಹಿಡಿದು ಮೀನಿನ ಸಂತೆಗೆ ಹೋದಳು. ಸಂತೆಯ ನೆಲವೆಲ್ಲ ಒದ್ದೆ, ಕಾಲಿಟ್ಟಲ್ಲೆಲ್ಲ ಕರಗುವ ಐಸಿನ ಚೂರು. ಅವಳ ಖಾಯಂ ಮೀನಿನವಳು ಅಂದು ಇರಲಿಲ್ಲ. ಮಗಳ ಹೆರಿಗೆಗೆ ಹೋಗಿದ್ದಳು. ಅವಳ ಜಾಗದಲ್ಲಿ ಅವಳ ನಾದಿನಿ ಕೂತಿದ್ದಳು, ಬಾಯಿಗೆ ಬೀಗವಿಲ್ಲದ ಹೆಂಗಸು.

ದೊಡ್ಡಕ್ಕ ರೂಢಿಯಂತೆ ಸಿಗಡಿಯ ರಾಶಿಯಿಂದ ಒಂದನ್ನು ಎತ್ತಿ ಮೂಗಿನ ಹತ್ತಿರ ಹಿಡಿದು ಮುಖ ಸಿಂಡರಿಸಿದಳು.

“ಇದು ನಿನ್ನೇದು,” ಎಂದಳು, ಬಿಗುಮಾನದಿಂದ.

ನಾದಿನಿ ಬಾಯಿ ತುಂಬ ನಕ್ಕಳು. “ಇದು ಈಗ ತಾನೇ ದೋಣಿಯಿಂದ ಇಳಿದಿದ್ದು. ಓ, ತಕ್ಕಡಿಯವರ ಮನೆಯವರು ನೀವೇನಾ? ನೀವು ಯಾವುದನ್ನ ತೋರ್ಸಿದ್ರೂ ಹೂಂ ಅಂದು, ಹಿಂದಿನ ಪೆಟ್ಟಿಗೆಯಿಂದ ಒಳ್ಳೇದು ತೆಗೆದು ಕೊಡು ಅಂತ ಅತ್ತಿಗೆ ಹೇಳಿ ಹೋಗಿದ್ದಾಳೆ. ನೀವು ಚಿಂತೆ ಮಾಡ್ಬೇಡಿ.”

“ಯಾಕಂತೆ?”

“ಯಾಕೆ ಅಂದ್ರೆ, ಪಾಪ, ನಿಮಗೆ ವಾಸನೆ ಬರಲ್ವಲ್ಲ. ನಿಮ್ಮ ಯಜಮಾನರೇ ಬಂದು ಎಲ್ಲರಿಗೂ ಹೇಳಿದ್ರಂತಲ್ಲ, ಮೋಸ ಮಾಡ್ಬೇಡಿ ಅಂತ. ಈ ಸಾಲಿನಲ್ಲಿ ಯಾರೂ ನಿಮಗೆ ಹಳೇದು ಕೊಡಲ್ಲ ಬಿಡಿ. ನಮ್ಮ ಮಾವನಿಗೂ ಹೀಗೇ ಆಗಿತ್ತು, ಆಮೇಲೆ ಬಂತು.”

ದೊಡ್ಡಕ್ಕ ಕೈಯಲ್ಲಿದ್ದ ಸಿಗಡಿಯನ್ನು ರಾಶಿಗೆ ಹಾಕಿದಳು. ಸುತ್ತ ನೋಡಿದಳು. ಪಕ್ಕದ ಬುಟ್ಟಿಯವಳು ತಕ್ಷಣ ಮೀನಿನ ಪೊರೆ ಕೆರೆಯುವುದರಲ್ಲಿ ಮುಳುಗಿದಳು. ಎದುರಿನ ಏಡಿಯವನು ಅವಳ ಕಡೆ ನೋಡಿ ನಮಸ್ಕಾರ ಮಾಡಿದ, ಅದರಲ್ಲಿ ಎಂದೂ ಇಲ್ಲದ ಮೃದುತ್ವವಿತ್ತು. ಇಷ್ಟು ತಿಂಗಳು ಇವರೆದುರಿಗೆ ತಾನು ಮೂಸಿ, ಮುಖ ಸಿಂಡರಿಸಿ, ಬೈದು, ಗೆದ್ದೆನೆಂದು ತಲೆಯೆತ್ತಿ ನಡೆದದ್ದೆಲ್ಲ ಅವಳ ಕಣ್ಣ ಮುಂದೆ ಬಂತು. ಸಂತೆಗೆ ಸಂತೆಯೇ ಅವಳ ಆಟವನ್ನು ನೋಡಿ ಸುಮ್ಮನಿತ್ತು. ನಾಚಿಕೆಯಿಂದ ಅವಳ ಕಿವಿ ಬಿಸಿಯಾಯಿತು.

ಹಿಂದಿನ ಪೆಟ್ಟಿಗೆಯ ಸಿಗಡಿಯನ್ನೇ ತೆಗೆದುಕೊಂಡು ಬಂದಳು. ದಾರಿಯುದ್ದಕ್ಕೂ ಗಂಡನನ್ನು ಬೈದಳು, ಗಂಡನ ಪರವಾಗಿ ತಾನೇ ಉತ್ತರವನ್ನೂ ಕೊಟ್ಟಳು. ಮೀನಿನ ವಿಷಯ ಸರಿ, ಹೆಂಡತಿ ಮೋಸ ಹೋಗದಿರಲಿ ಎಂದು ಮಾಡಿದ. ಹೇಳಬೇಕಿತ್ತು, ಹೇಳಲಿಲ್ಲ. ತಾನೂ ಅವನಿಗೆ ಹೇಳಲಿಲ್ಲವಲ್ಲ. ಅಲ್ಲಿಗಲ್ಲಿಗೆ ಸರಿಹೋಯಿತು ಎಂದುಕೊಳ್ಳಬಹುದು. ಆದರೆ ಸಾರು? “ಸರಿಯಾಗಿದೆ” ಎಂಬ ಆ ಮಾತು? ಅದರಲ್ಲೂ ಹಿಂದಿನ ಪೆಟ್ಟಿಗೆ ಇದ್ದರೆ? ಛೇ, ಊಟದ ವಿಷಯದಲ್ಲಿ ಅವನು ಸುಳ್ಳು ಹೇಳುವವನಲ್ಲ. ಕತ್ತು ಕೊಯ್ದರೂ ಉಪ್ಪಿಲ್ಲದ್ದನ್ನು ಉಪ್ಪಿದೆ ಎನ್ನುವ ಪ್ರಾಣಿಯಲ್ಲ ಅದು.

ಮನೆಯ ಮೆಟ್ಟಿಲು ಹತ್ತುವಾಗ ಅವಳು ಒಂದು ತೀರ್ಮಾನಕ್ಕೆ ಬಂದಿದ್ದಳು. ಇವತ್ತು ಉಪ್ಪು ಹಾಕುವುದಿಲ್ಲ. ಒಂದು ಹರಳೂ ಇಲ್ಲ. ಅವನು ಮೊದಲ ತುತ್ತಿಗೇ “ಉಪ್ಪಿಲ್ಲ” ಎಂದರೆ ಸಾಕು. ಮೀನಿನವರಿಗೆ ಹೇಳಿದ್ದು, ಬಿಟ್ಟದ್ದು ಎಲ್ಲವನ್ನೂ ಮನ್ನಿಸಿ, ಎದುರಿಗೆ ಕೂತು ತನ್ನ ಮೂಗಿನ ಕಥೆ ಹೇಳಿ ಅತ್ತುಬಿಡುತ್ತಾಳೆ.

ಮಗ ಬ್ರೆಡ್ ಕಾರ್ಖಾನೆಯ ಪಾಳಿಗೆ ಹೋಗಿದ್ದ. ಸೊಸೆಗೆ ಔಷಧಿ ಅಂಗಡಿಯಲ್ಲಿ ಸಂಜೆ ಹೊತ್ತಿನ ಕೆಲಸ, ಅಂದು ಅದಕ್ಕೂ ರಜೆ. ಅಡುಗೆಮನೆಯ ಮೂಲೆಯಲ್ಲಿ ಕೂತು ಕುಂಬಳದ ಸಿಪ್ಪೆ ತೆಗೆದುಕೊಟ್ಟಳು. ಒಳ್ಳೆಯ ಹುಡುಗಿ. ಹನಿ ಲೆಕ್ಕದಲ್ಲಿ ಔಷಧಿ ಅಳೆಯುವ ಕೈ, ಸಿಪ್ಪೆಯನ್ನೂ ಕಾಗದದಷ್ಟು ತೆಳ್ಳಗೆ ತೆಗೆಯುತ್ತಿದ್ದಳು. ದೊಡ್ಡಕ್ಕ ಸಿಗಡಿಯ ಬೆನ್ನು ಸೀಳಿ ಕಪ್ಪು ಎಳೆ ಎಳೆದು ತೆಗೆದಳು, ನೀರು ತಿಳಿಯಾಗುವವರೆಗೆ ತೊಳೆದಳು. ತಲೆ, ಚಿಪ್ಪುಗಳನ್ನು ಹುರಿದು ನೀರು ಹಾಕಿ ಕುದಿಸಿ ಸೋಸಿದಳು. ಆ ರಸದಲ್ಲಿ ಕುಂಬಳದ ಹೋಳು ಬೇಯಿಸಿದಳು. ಈರುಳ್ಳಿ, ಮೆಣಸಿನಕಾಯಿ, ಬೆಳ್ಳುಳ್ಳಿ ಎಲ್ಲ ಬಿದ್ದವು. ಸಿಗಡಿಗೆ ತನ್ನದೇ ಒಂದಿಷ್ಟು ಉಪ್ಪಿರುತ್ತದೆ, ಆದರೆ ಸಿಹಿಗುಂಬಳ ಅದನ್ನು ಹೇಳಹೆಸರಿಲ್ಲದಂತೆ ನುಂಗಿಹಾಕುತ್ತದೆ. ಉಪ್ಪಿನ ಜಾಡಿಯನ್ನು ಅವಳು ಕೈಯಲ್ಲಿ ಹಿಡಿದಳು, ಸೊಸೆಗೆ ಕಾಣುವಂತೆ ಮುಚ್ಚಳವನ್ನೂ ತೆಗೆದಳು, ಬರಿಗೈಯನ್ನು ಪಾತ್ರೆಯ ಮೇಲೆ ಆಡಿಸಿ ಜಾಡಿಯನ್ನು ಮತ್ತೆ ಇಟ್ಟಳು. ಹಬೆಗೆ ಮುಖವೊಡ್ಡಿ ತಲೆಯಾಡಿಸಿದಳು.

“ಹದವಾಗಿದೆ,” ಎಂದಳು. “ನಾನು ಸ್ನಾನ ಮಾಡಿ ಬರ್ತೀನಿ. ಮಾವನಿಗೆ ಕೈ ತೊಳೆಯೋಕೆ ಹೇಳು.”

ಮೀನು ಮುಟ್ಟಿದ ಕೈ ಬಡಿಸಬಾರದು, ಬೇಯಿಸಿದವರು ಸ್ನಾನ ಮಾಡಿ ಬಂದೇ ಬಡಿಸಬೇಕು ಎಂಬುದೂ ಆ ಊಟದ ಮನೆಯಿಂದ ಬಂದ ಕಟ್ಟಳೆಯೇ. ದೊಡ್ಡಕ್ಕ ಅದನ್ನು ಒಂದು ದಿನವೂ ಮುರಿದಿರಲಿಲ್ಲ. ಸ್ನಾನ ಮಾಡುವಾಗ ಅವಳು ಹೊಸ ಮದುವಣಗಿತ್ತಿಯಂತೆ ತವಕಿಸುತ್ತಿದ್ದಳು. ಉಪ್ಪಿಲ್ಲ ಅನ್ನಿ, ಉಪ್ಪಿಲ್ಲ ಅನ್ನಿ ಎಂದು ತಂಬಿಗೆ ತಂಬಿಗೆಗೂ ಹೇಳಿಕೊಂಡಳು.

ತಕ್ಕಡಿ ಎಂದಿನ ಜಾಗದಲ್ಲಿ, ಕಿಟಕಿಗೆ ಬೆನ್ನು ಮಾಡಿ ಕೂತಿದ್ದ. ಅವಳು ಅನ್ನ ಬಡಿಸಿ, ಪಕ್ಕದಲ್ಲಿ ಸಿಗಡಿ ಹಾಕಿ, ಸೌಟು ಹಿಡಿದು ನಿಂತಳು. ಸೊಸೆ ನೀರಿನ ಲೋಟ ಇಟ್ಟು ಅಲ್ಲೇ ಗೋಡೆಗೊರಗಿದಳು. ಅವನು ಕಲಸಿ ಮೊದಲ ತುತ್ತು ತಿಂದ. ಅಗಿದ. ನುಂಗಿದ.

“ಸರಿಯಾಗಿದೆ,” ಎಂದ.

ದೊಡ್ಡಕ್ಕ ಬಯಸಿದ ಮಾತು ಅದಾಗಿರಲಿಲ್ಲ. ಆದರೂ ಬಿಡಲಿಲ್ಲ. ಅವನಿಗೆ ಇನ್ನೊಂದು ಅವಕಾಶ ಕೊಡಬೇಕೆನ್ನಿಸಿತು.

“ಉಪ್ಪು?”

ಅವನು ಇನ್ನೊಂದು ತುತ್ತು ತಿಂದು, ಅವಳ ಕಣ್ಣಲ್ಲಿ ಕಣ್ಣಿಟ್ಟು ಹೇಳಿದ. “ತೂಗಿ ಹಾಕಿದ ಹಾಗಿದೆ.”

ಬೇಲಿಯೇ ಎದ್ದು ಹೊಲ ಮೇಯ್ದರೆ ಹೊಲದವಳು ಯಾರಿಗೆ ಹೇಳಬೇಕು. ಕಣ್ಣು ಮಿಟುಕಿಸದೆ, ಧ್ವನಿ ನಡುಗದೆ, ಸಂತೆಯಲ್ಲಿ ಮುದ್ರೆ ಒತ್ತುವ ಅದೇ ಗತ್ತಿನಲ್ಲಿ ಹೇಳಿಬಿಟ್ಟನಲ್ಲ. ಇಷ್ಟು ಸಲೀಸಾಗಿ ಸುಳ್ಳು ಹೇಳುವ ಮನುಷ್ಯನೊಡನೆ ತಾನು ಇಷ್ಟು ವರ್ಷ ಬಾಳಿದೆನೇ ಎಂದು ಅವಳಿಗೆ ಮೈಯೆಲ್ಲ ಉರಿಯಿತು. ಬಾಯಿಯ ತುದಿಗೆ ಬಂದ ಮಾತನ್ನು ತಡೆದು, ಅವಳು ಜೀವಮಾನದಲ್ಲಿ ಮಾಡದ ಕೆಲಸವೊಂದನ್ನು ಮಾಡಿದಳು. ಪಾತ್ರೆಯೊಳಗೆ ಸೌಟು ಅದ್ದಿ, ಅವರಿಬ್ಬರ ಎದುರಿಗೇ ಬಾಯಿಗಿಟ್ಟಳು.

ಉಪ್ಪಿತ್ತು.

ಸಿಗಡಿಯ ರುಚಿ ತಿಳಿಯಲಿಲ್ಲ, ಬೆಳ್ಳುಳ್ಳಿ ತಿಳಿಯಲಿಲ್ಲ. ಆದರೆ ಉಪ್ಪು, ನಾಲಿಗೆಯ ಎರಡೂ ಅಂಚಿಗೆ ಸ್ಪಷ್ಟವಾಗಿ, ಹೆಚ್ಚೂ ಅಲ್ಲ ಕಡಿಮೆಯೂ ಅಲ್ಲ, ಹನಿ ಲೆಕ್ಕದಲ್ಲಿ ಅಳೆದು ಹಾಕಿದಂತೆ ಇತ್ತು. ಹಿಂದೆಯೇ ಒಂದಿಷ್ಟು ಹುಳಿ. ಹುಳಿಯನ್ನು ಅವಳು ಹಾಕಿಯೇ ಇರಲಿಲ್ಲ, ಹಾಕುವ ಯೋಚನೆಯೂ ಇರಲಿಲ್ಲ.

ಅವಳು ಸೊಸೆಯ ಕಡೆ ತಿರುಗಿದಳು. ಯಾರೂ ಏನೂ ಕೇಳಿರಲಿಲ್ಲ. ಆದರೂ ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಂಡಂತೆ ಸೊಸೆ ಕೈಯನ್ನು ಸೆರಗಿನಲ್ಲಿ ಒರೆಸಿಕೊಂಡಳು.

“ನಾನು ಉಪ್ಪು ಹಾಕಿರ್ಲಿಲ್ಲ,” ಎಂದಳು ದೊಡ್ಡಕ್ಕ.

ತಕ್ಕಡಿಯ ಕೈ ತಟ್ಟೆಯಲ್ಲೇ ನಿಂತಿತು.

“ನಾನು ಸ್ನಾನಕ್ಕೆ ಹೋದಾಗ ದಿನಾ ಹೀಗೇನಾ?”

ಸೊಸೆ ಮಾವನ ಮುಖ ನೋಡಿದಳು. ಮಾವ ತಟ್ಟೆ ನೋಡಿದ. ದೊಡ್ಡಕ್ಕನಿಗೆ ಈಗ ಎಲ್ಲವೂ ನಿಚ್ಚಳವಾಯಿತು. ಅವನು ಸುಳ್ಳು ಹೇಳಿರಲಿಲ್ಲ. ಒಂದು ದಿನವೂ ಹೇಳಿರಲಿಲ್ಲ. ಮುಳ್ಳು ನೇರ ನಿಲ್ಲದಿದ್ದಾಗ ತಟ್ಟೆಯಲ್ಲಿದ್ದ ಸರಕನ್ನೇ ಬದಲಾಯಿಸಿದ್ದ. ಅವಳು ಬಚ್ಚಲಲ್ಲಿದ್ದಾಗ ಸೊಸೆ ಪಾತ್ರೆಯ ಮುಂದೆ ನಿಂತು ತಿದ್ದಿದ್ದಾಳೆ, ಇವನು ಅಂಗೈಯಲ್ಲಿ ಹಾಕಿಸಿಕೊಂಡು ಇನ್ನಷ್ಟು, ಸಾಕು ಎಂದಿದ್ದಾನೆ. ಆಮೇಲೆ ಕೂತು, ಕಣ್ಣಲ್ಲಿ ಕಣ್ಣಿಟ್ಟು, ನಿಜವನ್ನೇ ಹೇಳಿದ್ದಾನೆ. ಬರೀ ಸುಳ್ಳಾಗಿದ್ದರೆ ಅವಳು ಹೇಗೋ ತಡೆದುಕೊಳ್ಳುತ್ತಿದ್ದಳು. ತಪ್ಪು ತೂಕದ ಬಟ್ಟಿಗೆ ಸರಿಯಾದ ಮುದ್ರೆ ಒತ್ತಿದ ಈ ಕೆಲಸಕ್ಕೆ ಏನೆಂದು ಹೆಸರಿಡಬೇಕೋ ಅವಳಿಗೆ ತಿಳಿಯಲಿಲ್ಲ.

“ನೀನೇ ಹೇಳ್ತೀಯ ಅಂತ ಕಾದೆ,” ಎಂದ ತಕ್ಕಡಿ, ತಲೆಯೆತ್ತದೆ. “ಹಾಲು ಸೀದ ದಿನವೇ ನನಗೆ ಗೊತ್ತಾಯ್ತು. ನೀನು ಹೇಳ್ಲಿಲ್ಲ. ಹುಳಿ ಕಮ್ಮಿ ಅಂದಾಗ ನಿನ್ನ ಮುಖ ನೋಡಿದೆ. ಹಿಂದೆಲ್ಲ ಹಾಗಂದ್ರೆ ನೀನು ಜಗಳಕ್ಕೆ ಬರ್ತಿದ್ದೆ. ಆವತ್ತು ನೀನು ಹೆದರಿದ್ದೆ. ಮತ್ತೆ ಹೇಳೋಕೆ ನನ್ನಿಂದ ಆಗ್ಲಿಲ್ಲ. ಸುಳ್ಳು ಹೇಳೋಕೂ ಆಗ್ಲಿಲ್ಲ.”

“ಅದಕ್ಕೆ ಇವಳ ಕೈಲಿ ಮಾಡಿಸಿದ್ರಿ.”

“ನಿನ್ನ ಅಡುಗೆಮನೆ ನಿನ್ನ ಹತ್ರಾನೇ ಇರ್ಲಿ ಅಂತ ಮಾಡಿದೆ.”

“ಎಲ್ಲಿತ್ತು ನನ್ನ ಹತ್ರ?” ಎಂದಳು ದೊಡ್ಡಕ್ಕ. ಅವಳು ಕೂಗಲಿಲ್ಲ. “ನಾನು ಮುಚ್ಚಿಟ್ಟಿದ್ದು ನನ್ನ ಮೂಗನ್ನ. ನೀವು ಮುಚ್ಚಿಟ್ಟಿದ್ದು ನನ್ನ ಕೈನ. ಇಷ್ಟು ತಿಂಗಳಿಂದ ನಾನು ಮಾಡಿದ್ದು ಹೇಗಿತ್ತು ಅಂತ ನನಗೇ ಗೊತ್ತಿಲ್ಲ. ಉಪ್ಪು ಜಾಸ್ತಿ ಅಂದಿದ್ರೆ ಕಮ್ಮಿ ಹಾಕ್ತಿದ್ದೆ. ಹುಳಿ ಕಮ್ಮಿ ಅಂದಿದ್ರೆ ಹಿಂಡ್ತಿದ್ದೆ. ಮೂಗಿಲ್ದೆ ಕಲೀತಿದ್ದೆ. ನೀವು ಕಲಿಯೋಕೆ ಬಿಡ್ಲಿಲ್ಲ.”

ಸೊಸೆ ಅಳುತ್ತಿದ್ದಳು. ದೊಡ್ಡಕ್ಕನಿಗೆ ಅವಳ ಮೇಲೆ ಸಿಟ್ಟಿರಲಿಲ್ಲ. ಹೇಳಿದ್ದನ್ನು ಮಾಡಿದ ಹುಡುಗಿ. ದೊಡ್ಡಕ್ಕನ ಮನಸ್ಸೆಲ್ಲ ಆಗಲೇ ಬೇರೆ ಕಡೆ ಓಡಿತ್ತು, ಹಸಿರು ಟೊಮೆಟೊದ ಆ ದಿನದ ಕಡೆಗೆ. ಕೇಳಲು ಭಯವಾಯಿತು. ಕೇಳದಿದ್ದರೆ ಇನ್ನು ಜೀವಮಾನವಿಡೀ ನಿದ್ದೆ ಬರುವುದಿಲ್ಲ ಎಂದೂ ಗೊತ್ತಿತ್ತು.

“ಬೇಸಿಗೇಲಿ ನನ್ನ ತಮ್ಮ ಬಂದಾಗ,” ಎಂದಳು. “ಆ ಮೀನಿನ ಸಾರು. ಅದು ಯಾರದ್ದು?”

“ನಿಮ್ಮದೇ ಅತ್ತೆ,” ಎಂದಳು ಸೊಸೆ, ಅಳುತ್ತಲೇ. “ಅವತ್ತು ನಾನು ಮುಟ್ಟಿರ್ಲಿಲ್ಲ. ಚಮಚ ತಗೊಂಡು ಹೋಗಿದ್ದು ನಿಜ. ರುಚಿ ನೋಡಿ ವಾಪಸ್ ಇಟ್ಟೆ. ಅದನ್ನ ತಿದ್ದೋ ಹಾಗಿರ್ಲಿಲ್ಲ.”

ದೊಡ್ಡಕ್ಕ ಗಂಡನ ಕಡೆ ತಿರುಗಿದಳು.

“ಹೌದು. ಅವತ್ತಿಂದು ನಿನ್ನದೇ,” ಎಂದ ಅವನು. “ನಾನೂ ನೋಡಿದೆ. ಏನೂ ಹಾಕ್ಬೇಡ ಅಂದೆ.”

ಆ ದಿನ ಬೆಳಿಗ್ಗೆ ಕೇಳಿದ್ದರೆ ಈ ಮಾತು ಅವಳಿಗೆ ಹೊನ್ನಿನ ಹಾಗಿರುತ್ತಿತ್ತು. ಈಗ ಅವಳು ಅವನ ಮುಖವನ್ನು ಹುಡುಕಿ ಹುಡುಕಿ ನೋಡಿದಳು. ಅದೇ ನೇರ ನೋಟ, “ತೂಗಿ ಹಾಕಿದ ಹಾಗಿದೆ” ಎಂದಾಗ ಇದ್ದದ್ದು. ನಿಜವಿರಬಹುದು. ಬಹುಶಃ ನಿಜವೇ. ಆದರೆ ಆ ಮುಖವನ್ನು ಓದುವ ಬಗೆ ಅವಳಿಗೆ ಮರೆತುಹೋಗಿತ್ತು. ಒಬ್ಬ ಸಾಕ್ಷಿ ಇನ್ನೂ ಉಳಿದಿದ್ದಾನಲ್ಲ ಎಂದು ನೆನಪಾಯಿತು. ತಮ್ಮನಿಗೆ ಈ ಮನೆಯ ನಾಟಕ ಗೊತ್ತಿಲ್ಲ. ಅವನ ಕಣ್ಣೀರು ಯಾರೂ ಹೇಳಿಕೊಟ್ಟು ಬಂದದ್ದಲ್ಲ. ಅಷ್ಟಾದರೂ ಇದೆ.

“ತಮ್ಮನಿಗೆ ನನ್ನ ಮೂಗಿನ ವಿಷಯ ಗೊತ್ತಿರ್ಲಿಲ್ಲ ತಾನೆ?” ಎಂದಳು.

ತಕ್ಕಡಿ ತಟ್ಟೆಯನ್ನು ಸ್ವಲ್ಪ ಆಚೆ ಸರಿಸಿದ. ನೀರಿನ ಲೋಟ ಎತ್ತಿದ, ಕುಡಿಯದೆ ಇಟ್ಟ. ಸುಳ್ಳು ಹೇಳಲು ಬಾರದವನ ಸಂಕಟ ಅವಳಿಗೆ ಕಂಡಿತು. ಹೇಳುವುದು ಬೇಡ ಎಂದು ಈಗ ಅವಳೇ ಬಯಸಿದಳು.

“ನಾನೇ ಫೋನ್ ಮಾಡಿ ಹೇಳಿದ್ದೆ,” ಎಂದ. “ಬರೋ ಮುಂಚೆ. ಹೇಗಿದ್ರೂ ಚೆನ್ನಾಗಿದೆ ಅನ್ನು ಅಂತ.”

ದೊಡ್ಡಕ್ಕ ಸೌಟನ್ನು ಪಾತ್ರೆಯೊಳಗೆ ಬಿಟ್ಟು ಅವನೆದುರಿನ ಕುರ್ಚಿಯಲ್ಲಿ ಕೂತಳು.

“ಹಾಗಾದ್ರೆ ಅವನು ಅಮ್ಮನ್ನ ನೆನೆಸ್ಕೊಂಡು ಅತ್ತಿದ್ದಲ್ಲ,” ಎಂದಳು. “ನನ್ನ ನೋಡಿ ಅತ್ತಿದ್ದು.”